ಟೈರಿನ ವಯಸ್ಸು

ಹೋದ ಭಾನುವಾರ ನಮ್ಮ ಮೇಸ್ತ್ರಿ ಮನೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ನನ್ನ ಜಾವಾ ಮೋಟಾರು ಸೈಕಲ್ಲಿನ ಹಿಂದಿನ ಟೈರಿಗೆ ಹೆಬ್ಬೆರಳಿನ ಉಗುರನ್ನು ಒತ್ತಿ ನೋಡಿ, "ಇದು ಇನ್ನೊಂದು ವರ್ಷ ಸಾರ್. ಆಮೇಲೆ ಬೇರೆ ನೋಡಿ" ಎಂದರು. ಟೈರಿನ ಮೇಲೆ ಗೆರೆಗಳು ಇನ್ನೂ ಚೆನ್ನಾಗಿ ಎದ್ದು ಕಾಣುತ್ತಿದ್ದವು. ಹಿಂದೊಂದು ಕಾಲದಲ್ಲಾಗಿದ್ದರೆ ನಾನು ವಾದಕ್ಕೆ ಇಳಿಯುತ್ತಿದ್ದೆ. ಈಗ "ಆಗಲಿ" ಎಂದಷ್ಟೇ ಹೇಳಿ ಸುಮ್ಮನಾದೆ. ಆ ಒಂದು "ಆಗಲಿ"ಯನ್ನು ಕಲಿಯುವುದಕ್ಕೆ ನನಗೆ, ಅದಕ್ಕಿಂತ ಹೆಚ್ಚಾಗಿ ನಮ್ಮ ತಾಯಿಯವರಿಗೆ, ಆದ ಖರ್ಚು ಸಣ್ಣದಲ್ಲ.

ಮೇಸ್ತ್ರಿ ಎಂದೆನಲ್ಲ. ಮೋಟಾರು ಸೈಕಲ್ಲು ರಿಪೇರಿ ಮಾಡುವವರನ್ನು ಈಗ ಎಲ್ಲರೂ ಮೆಕ್ಯಾನಿಕ್ಕು ಎನ್ನುತ್ತಾರೆ. ಇವರನ್ನು ಮಾತ್ರ ನಮ್ಮ ಬೀದಿಯಲ್ಲಿ ಮೇಸ್ತ್ರಿ ಎಂದೇ ಕರೆಯುವುದು. ನನ್ನನ್ನು ಮೇಷ್ಟ್ರು ಎನ್ನುತ್ತಾರೆ. ಮೇಸ್ತ್ರಿ ಎಂಬ ಮಾತು ಪೋರ್ಚುಗೀಸರ ಕಡೆಯಿಂದ ಬಂದದ್ದು, ಮೇಷ್ಟ್ರು ಇಂಗ್ಲಿಷರ ಕಡೆಯಿಂದ ಬಂದದ್ದು. ಎರಡಕ್ಕೂ ಮೂಲ ಲ್ಯಾಟಿನ್ನಿನ ಒಂದೇ ಶಬ್ದ. ಆ ಲೆಕ್ಕದಲ್ಲಿ ನಾವಿಬ್ಬರೂ ದಾಯಾದಿಗಳು. ಈ ವಿಷಯವನ್ನು ಒಮ್ಮೆ ಅವರಿಗೆ ವಿವರಿಸಿದೆ. ಅವರು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಡದೆಯೇ, "ಹಂಗಾದ್ರೆ ಸಂಬಳಾನೂ ಸಮ ಆಗ್ಬೇಕಿತ್ತಲ್ಲ ಸಾರ್" ಎಂದರು.

ನಾನು ಹಳೆಯದರ ಪಕ್ಷಪಾತಿ. ಕನ್ನಡ ಎಂ.ಎ. ಮಾಡಿ, ಇಪ್ಪತ್ತು ವರ್ಷದಿಂದ ಹುಡುಗರಿಗೆ ಹಳಗನ್ನಡ ಹೇಳಿಕೊಡುತ್ತಿರುವವನು ಬೇರೆ ಏನಾಗುವುದಕ್ಕೆ ಸಾಧ್ಯ? ಒಂದು ಪದಕ್ಕೆ ಸಾವಿರ ವರ್ಷ ವಯಸ್ಸಾಗಿದೆ ಎಂದರೆ ನನಗೆ ಅದರ ಮೇಲೆ ತಾನಾಗಿಯೇ ಗೌರವ ಹುಟ್ಟುತ್ತದೆ. ಮನೆಯಲ್ಲಿರುವ ಹಿತ್ತಾಳೆ ಚೊಂಬು, ಗೋಡೆಗಡಿಯಾರ, ತಂದೆಯವರ ಕೊಡೆ, ಯಾವುದನ್ನೂ ನಾನು ಬಿಸಾಡಲು ಬಿಟ್ಟವನಲ್ಲ. ಈ ಜಾವಾ ಕೂಡ ತಂದೆಯವರದೇ. 1968ರ ಗಾಡಿ. ಅವರು 1977ರಲ್ಲಿ, ಮದುವೆಯಾದ ಹೊಸದರಲ್ಲಿ, ಬೇರೊಬ್ಬರಿಂದ ಕೊಂಡದ್ದು. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದ ಅವರು ಸುಮಾರು ಇಪ್ಪತ್ತುನಾಲ್ಕು ವರ್ಷ ಅದರ ಮೇಲೆ ಓಡಾಡಿದರು. ನನ್ನ ಬಾಲ್ಯದ ಊರುಗಳನ್ನೆಲ್ಲ ನಾನು ಮೊದಲು ನೋಡಿದ್ದು ಅದರ ಪೆಟ್ರೋಲ್ ಟ್ಯಾಂಕಿನ ಮೇಲೆ ಕುಳಿತು.

ಮೈಸೂರಿನವರಿಗೆ ಜಾವಾ ಎಂದರೆ ಏನೆಂದು ಹೇಳಬೇಕಾದ್ದಿಲ್ಲ. ಬೇರೆ ಊರಿನವರಿಗಾಗಿ ಎರಡು ಮಾತು. ಜಾವಾ ಎಂಬ ಹೆಸರಿಗೂ ಆ ದ್ವೀಪಕ್ಕೂ ಸಂಬಂಧವಿಲ್ಲ. ಪ್ರಾಗ್ ನಗರದಲ್ಲಿ 1929ರಲ್ಲಿ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರು ಸೈಕಲ್ಲಿನ ಕೆಲಸವನ್ನು ಕೊಂಡುಕೊಂಡು, ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಇಟ್ಟ ಹೆಸರು ಅದು. ನಮ್ಮ ವ್ಯಾಕರಣದಲ್ಲಾದರೆ ಯಾವ ಸಮಾಸವೆಂದು ಹೇಳುವುದು ಕಷ್ಟ. 1960ರ ದಶಕದ ಮೊದಲಿಗೆ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. ಮುಂದೆ ಅದೇ ಗಾಡಿ ಯೆಜ್ಡಿ ಎಂಬ ಹೆಸರು ತಳೆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಬೇರೊಂದು ಕಂಪನಿ ಜಾವಾ ಹೆಸರಿನಲ್ಲಿಯೇ ಹೊಸ ಗಾಡಿಗಳನ್ನು ತಂದಿದೆ. ಆದರೆ ಕಿಕ್ ಹೊಡೆಯುವ ಕೋಲೇ ಮುಂದಕ್ಕೆ ಮಡಚಿಕೊಂಡು ಗೇರು ಹಾಕುವ ಕೋಲೂ ಆಗುವ, ಪಟಪಟ ಎಂದು ಸದ್ದು ಮಾಡುತ್ತ ನೀಲಿ ಹೊಗೆ ಬಿಡುವ ಆ ಹಳೆಯ ಗಾಡಿಯೇ ಬೇರೆ. ಇದು ನನ್ನ ಪಕ್ಷಪಾತ ಎಂದು ಮೊದಲೇ ಒಪ್ಪಿಕೊಂಡಿದ್ದೇನೆ.

ತಂದೆಯವರು 2009ರಲ್ಲಿ ತೀರಿಕೊಂಡರು. ಅದಕ್ಕೆ ಎಂಟು ವರ್ಷ ಮುಂಚಿನಿಂದಲೇ ಗಾಡಿ ಹಿತ್ತಲಿನ ಷೆಡ್ಡಿನಲ್ಲಿ ನಿಂತಿತ್ತು. 2018ರ ಬೇಸಗೆ ರಜೆಯಲ್ಲಿ ನಾನು ಅದನ್ನು ಹೊರಕ್ಕೆ ತಳ್ಳಿಸಿದೆ. ಎಂಜಿನ್ನನ್ನು ಬಿಚ್ಚಿ, ತೊಳೆದು, ಸವೆದದ್ದನ್ನು ಹೊಸದಾಗಿ ಹಾಕಿ ಜೋಡಿಸುವುದಕ್ಕೆ ಮೇಸ್ತ್ರಿಗೆ ಎರಡು ತಿಂಗಳಾಯಿತು. ಅದು ಮತ್ತೆ ಸದ್ದು ಮಾಡಿದ ಸಾಯಂಕಾಲ ಅಮ್ಮ ಅಡಿಗೆಮನೆಯಿಂದ ಸೌಟು ಹಿಡಿದುಕೊಂಡೇ ಹೊರಗೆ ಬಂದು ನಿಂತರು. ಏನೂ ಮಾತಾಡಲಿಲ್ಲ. ಒಲೆಯ ಮೇಲಿದ್ದ ಹುಳಿ ಸೀದುಹೋಯಿತು.

ಉಳಿದದ್ದು ಟೈರುಗಳು. ಗಾಡಿಯಲ್ಲಿ ಇದ್ದವು 1997ರವು. ಗೆರೆಗಳು ಅರ್ಧಕ್ಕರ್ಧ ಉಳಿದಿದ್ದವು. ಒರಸಿದರೆ ಕಪ್ಪಗೆ ಮಿಂಚುತ್ತಿದ್ದವು. "ಇವಕ್ಕೇನಾಗಿದೆ, ಇರಲಿ ಬಿಡಿ" ಎಂದೆ. ಮೇಸ್ತ್ರಿ ಟೈರಿನ ಪಕ್ಕೆಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂಡಿದರು. ನುಣುಪಾಗಿದ್ದ ರಬ್ಬರಿನ ಮೇಲೆ ಬೇಸಗೆಯ ಕೆರೆಯಂಗಳದಂತೆ ಬಿರುಕು ಬಾಯಿಬಿಟ್ಟಿತು. "ಸಾರ್, ಇದು ಟೈರಲ್ಲ, ಹಪ್ಪಳ" ಎಂದರು.

ಇಲ್ಲಿಂದ ಟೈರು ಹುಡುಕುವ ನನ್ನ ಸಂಶೋಧನೆ ಆರಂಭವಾಯಿತು. ಸಂಶೋಧನೆ ಎಂಬ ಮಾತನ್ನು ಗಂಭೀರವಾಗಿಯೇ ಬಳಸುತ್ತಿದ್ದೇನೆ. ಟೈರಿನ ಪಕ್ಕೆಯ ಮೇಲೆ ಒಂದು ಶಾಸನವೇ ಇರುತ್ತದೆ, ಓದುವ ತಾಳ್ಮೆ ಬೇಕು. ನನ್ನ ಗಾಡಿಯದು 3.25-16. ಮೊದಲನೆಯದು ಟೈರಿನ ದಪ್ಪ, ಎರಡನೆಯದು ಅದು ಕೂರುವ ರಿಮ್ಮಿನ ಅಡ್ಡಗಲ; ಎರಡೂ ಅಂಗುಲದಲ್ಲಿ. ಹಿಂದಕ್ಕೂ ಮುಂದಕ್ಕೂ ಒಂದೇ ಅಳತೆ. ಅದರ ಪಕ್ಕದಲ್ಲಿ 55ಪಿ ಎಂಬಂಥದೊಂದು ಬರಹ: 55 ಎಂದರೆ ಆ ಟೈರು 218 ಕಿಲೋ ಭಾರ ಹೊರುತ್ತದೆ, ಪಿ ಎಂದರೆ ಗಂಟೆಗೆ 150 ಕಿಲೋಮೀಟರು ವೇಗದವರೆಗೆ ತಾಳುತ್ತದೆ ಎಂದು ಅರ್ಥ. ನನ್ನ ಜಾವಾ ಆ ವೇಗವನ್ನು ಕನಸಿನಲ್ಲಿಯೂ ಕಂಡಿಲ್ಲ. ಆದರೂ ಆಶ್ವಾಸನೆ ಇರಬೇಕಾದ್ದೇ. ಉರುಳಬೇಕಾದ ದಿಕ್ಕನ್ನು ತೋರಿಸುವ ಬಾಣದ ಗುರುತೊಂದು. ಇನ್ನು, ಕಾಲನಿರ್ಣಯ. ಒಂದು ಸಣ್ಣ ಚೌಕಟ್ಟಿನಂಥ ಜಾಗದಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ಇಸವಿ. 1418 ಎಂದಿದ್ದರೆ 2018ರ ಹದಿನಾಲ್ಕನೆಯ ವಾರದಲ್ಲಿ ಅಚ್ಚಿನಿಂದ ಹೊರಬಂದದ್ದು ಎಂದು ತಿಳಿಯಬೇಕು.

ಈ ನಾಲ್ಕು ಅಂಕಿಯ ಪದ್ಧತಿ 2000ದಿಂದ ಈಚಿನದು. ಅದಕ್ಕೆ ಮುಂಚೆ ಮೂರೇ ಅಂಕಿ, ಇಸವಿಗೆ ಒಂದೇ. ಕೊನೆಯಲ್ಲಿ 8 ಎಂದಿದ್ದರೆ 1988 ಇರಬಹುದು, 1978ಕ್ಕೂ ಅಡ್ಡಿಯಿಲ್ಲ. ನಮ್ಮ ಶಾಸನಗಳಲ್ಲಿ ಶಕವರ್ಷ ಕೊಡದೆ ಬರೀ ಸಂವತ್ಸರದ ಹೆಸರು ಬರೆದು ಬಿಟ್ಟಿರುತ್ತಾರಲ್ಲ, ಅದೇ ಪಾಡು. ಅರವತ್ತು ವರ್ಷಕ್ಕೊಮ್ಮೆ ಅದೇ ಸಂವತ್ಸರ ತಿರುಗಿ ಬರುತ್ತದೆ. ಯಾವ ಸುತ್ತಿನದೆಂದು ವಿದ್ವಾಂಸರು ಜಗಳವಾಡುತ್ತಾರೆ. ಟೈರಿನ ಮೇಲೂ ಇದೇ ತೊಡಕು ಕಂಡಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆ ಸಂತೋಷವೇ ಮುಂದಿನ ಅನಾಹುತಕ್ಕೆ ಬೀಜವಾಯಿತು.

ಹದಿನಾರು ಅಂಗುಲದ ಟೈರು ಕೇಳಿದರೆ ಅಂಗಡಿಯವರು ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದರು. ಈಗಿನ ಮೋಟಾರು ಸೈಕಲ್ಲುಗಳಿಗೆಲ್ಲ ಹೆಚ್ಚಾಗಿ ಹದಿನೇಳು, ಹದಿನೆಂಟು. ಸ್ಕೂಟರಿನದಾದರೆ ಹತ್ತು, ಹನ್ನೆರಡು. ನಡುವಿನ ಹದಿನಾರು ಯಾರಿಗೂ ಬೇಡದ್ದು. ಒಂದು ಅಂಗಡಿಯ ಹುಡುಗ ಉತ್ಸಾಹದಿಂದ ಒಳಗೆ ಓಡಿ 3.25-19 ತಂದ, ಅದು ಹಳೆಯ ಬುಲೆಟ್ಟಿನದು. "ಹತ್ತೊಂಬತ್ತು ಕಣಪ್ಪ ಇದು" ಎಂದರೆ, "ಮೂರೂಕಾಲು ಸರಿ ಇದೆಯಲ್ಲ ಸಾರ್" ಎಂದು ಸಮಾಧಾನ ಹೇಳಿದ. ಇನ್ನೊಬ್ಬರು ಅಳತೆ ಹದಿನಾರೇ ಇರುವ, ಆದರೆ ಬಹಳ ದಪ್ಪನಾದ ಟೈರೊಂದನ್ನು ತೋರಿಸಿ, ಇದು ಹಾಕಿದರೆ ಗಾಡಿಗೆ ಒಳ್ಳೆ ಕಳೆ ಬರುತ್ತದೆ ಎಂದರು. ಜಾವಾದ ಮಡ್‌ಗಾರ್ಡು ಸೆರಗು ಹೊದ್ದಂತೆ ಚಕ್ರದ ಮೇಲೆ ಇಳಿಬಿದ್ದಿರುತ್ತದೆ. ದಪ್ಪ ಟೈರು ಅದರೊಳಗೆ ಉಜ್ಜುತ್ತದೆ. ಅಲ್ಲದೆ ಕಿರಿದಾದ ರಿಮ್ಮಿನಲ್ಲಿ ದಪ್ಪ ಟೈರನ್ನು ಕೂರಿಸಿದರೆ ಎರಡು ಕಡೆಯಿಂದಲೂ ಹಿಸುಕಿದಂತಾಗಿ ಅದರ ಆಕಾರವೇ ಕೆಡುತ್ತದೆ. ಇದನ್ನೆಲ್ಲ ಮೇಸ್ತ್ರಿ ಮೊದಲೇ ಹೇಳಿ ಕಳಿಸಿದ್ದರು. ಮೈಸೂರಿನಲ್ಲಿ ಟೈರು ಕಾರ್ಖಾನೆಯೂ ಉಂಟು. ಆದರೆ ಅದರ ಹೆಸರು ಬೆಳೆದದ್ದು ಲಾರಿ ಬಸ್ಸಿನ ಟೈರುಗಳಿಂದ. ಗಾಡಿ ಹುಟ್ಟಿದ ಊರಿನಲ್ಲಿಯೇ ಅದಕ್ಕೆ ಚಪ್ಪಲಿ ಸಿಗದ ಹಾಗಾಯಿತು.

ಸಿಗದೇ ಇಲ್ಲವೆಂದರೆ ಸುಳ್ಳಾದೀತು. ಮೇಸ್ತ್ರಿ ತಾವೇ ವಿಚಾರಿಸಿ, ಅದೇ ಅಳತೆಯ ಹೊಸ ಟೈರು ಈಗಲೂ ತಯಾರಾಗುತ್ತದೆ, ತರಿಸಲು ಹದಿನೈದು ದಿನ ಬೇಕು ಎಂದರು. ಚಿತ್ರ ತೋರಿಸಿದರು. ಮುಂದಿನದು ಉದ್ದುದ್ದ ಗೆರೆಯದು, ಸರಿಯಾಗಿತ್ತು. ಹಿಂದಿನದು ಮಾತ್ರ ನನ್ನ ಮನಸ್ಸಿಗೆ ಬರಲಿಲ್ಲ. ನಮ್ಮ ಮನೆಯಲ್ಲಿ 1978ರ ಒಂದು ಫೋಟೋ ಇದೆ: ತಂದೆಯವರು ಗಾಡಿಯ ಮೇಲೆ ಕುಳಿತಿದ್ದಾರೆ, ಹಿಂದೆ ಅಮ್ಮ ಒಂದೇ ಕಡೆಗೆ ಕಾಲು ಹಾಕಿಕೊಂಡು, ಸೆರಗನ್ನು ಮುಂದಕ್ಕೆ ಎಳೆದುಕೊಂಡು. ಅದರಲ್ಲಿ ಹಿಂದಿನ ಟೈರಿನ ಬಟನ್ನುಗಳು ಇಟ್ಟಿಗೆ ಜೋಡಿಸಿದಂತೆ ಸ್ಪಷ್ಟವಾಗಿ ಕಾಣುತ್ತವೆ. ಈ ಹೊಸ ಟೈರಿನದು ಆ ಮಾದರಿಯಲ್ಲ. ಭೂತಗನ್ನಡಿ ಹಿಡಿದು ಫೋಟೋವನ್ನೂ ಚಿತ್ರವನ್ನೂ ಹೋಲಿಸಿದೆ. ಪಾಠಾಂತರವಿತ್ತು. ಪಾಠಾಂತರವನ್ನು ಒಪ್ಪುವುದು ನನ್ನ ಜಾಯಮಾನವಲ್ಲ.

ಹೀಗಿರುವಾಗ 2019ರ ಮೇ ತಿಂಗಳಲ್ಲಿ ಪರೀಕ್ಷೆಯ ಮೌಲ್ಯಮಾಪನದ ಕೆಲಸದ ಮೇಲೆ ಬೇರೊಂದು ಊರಿಗೆ ಹೋಗಿದ್ದೆ. ಸಾಯಂಕಾಲ ಕಾಫಿ ಕುಡಿಯಲು ಹೊರಟವನಿಗೆ ಪೇಟೆಯ ಬೀದಿಯಲ್ಲಿ ಒಂದು ಹಳೆಯ ಅಂಗಡಿ ಕಣ್ಣಿಗೆ ಬಿತ್ತು. ಯಾವ ಊರು, ಯಾವ ಅಂಗಡಿ ಎಂಬುದು ಬೇಡ, ತಪ್ಪು ಅವರದಲ್ಲ. ಅಟ್ಟದ ಮೇಲಿಂದ ಎರಡು ಟೈರುಗಳು ಇಳಿದವು. ಸುತ್ತ ಕಾಗದದ ಪಟ್ಟಿ ಹಾಗೇ ಇತ್ತು. 3.25-16. ಧೂಳು ಕೊಡವಿದರೆ, ಅದೇ ಇಟ್ಟಿಗೆ ಜೋಡಣೆ! ಫೋಟೋದಲ್ಲಿದ್ದ ಟೈರಿನ ಒಡಹುಟ್ಟೇ ಸರಿ. ನಾಲ್ಕು ಅಂಕಿಗಾಗಿ ಹುಡುಕಿದೆ. ಇರಲಿಲ್ಲ. ಅಂದರೆ 2000ಕ್ಕೆ ಹಿಂದಿನದು. ಯಾವ ಬುದ್ಧಿವಂತನಾದರೂ ಅಲ್ಲಿಗೆ ಟೈರನ್ನು ಕೆಳಗಿಟ್ಟು ಕಾಫಿಗೆ ಹೋಗುತ್ತಿದ್ದ. ನನಗೋ, ತೇದಿಯಿಲ್ಲದ ತಾಳೆಯೋಲೆ ಸಿಕ್ಕಿದಷ್ಟು ಹಿಗ್ಗು. ಅಂಗಡಿಯ ಯಜಮಾನರು, "ಒಂದು ದಿನವೂ ರಸ್ತೆ ಕಂಡಿಲ್ಲ ಸ್ವಾಮಿ, ಹೊಸದು" ಎಂದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹೊಸ ಟೈರಿಗೆ ಕೊಡುವ ಎರಡರಷ್ಟು ಹಣ ಎಣಿಸಿಕೊಟ್ಟು, ಬಸ್ಸಿನಲ್ಲಿ ಎರಡೂ ಟೈರುಗಳನ್ನು ತೊಡೆಯ ಮೇಲಿಟ್ಟುಕೊಂಡು ಊರಿಗೆ ಬಂದೆ.

ಮೇಸ್ತ್ರಿ ನೋಡಿದರು. ಉಗುರು ಒತ್ತಿದರು, ಗುರುತು ಮೂಡಲಿಲ್ಲ. ಮೂಗಿನ ಹತ್ತಿರ ಹಿಡಿದರು. ಬಿಸಿಲಿಗೆ ಹಿಡಿದು ಪಕ್ಕೆಯನ್ನು ಬಗ್ಗಿಸಿದರು. ಕೂದಲೆಳೆಯಂಥ ಸಣ್ಣ ಸಣ್ಣ ಗೀರುಗಳು ಕಂಡವು. "ಹಾಕ್ಕೊಡಿ ಅಂದ್ರೆ ಹಾಕ್ಕೊಡ್ತೀನಿ ಸಾರ್. ಶೋಕೇಸಲ್ಲಿ ನಿಲ್ಸೋದಾದ್ರೆ ಜಮ್ ಅಂತ ಕಾಣ್ತದೆ. ರೋಡಿಗೆ ಮಾತ್ರ ಬೇಡಿ. ಅಮ್ಮಾವ್ರನ್ನಂತೂ ಹಿಂದೆ ಕೂರಿಸ್ಕೋಬೇಡಿ" ಎಂದರು. ನನಗೆ ಕೋಪ ಬಂತು. ಬಳಸದೇ ಇಟ್ಟ ವಸ್ತು ಹೇಗೆ ಹಾಳಾಗುತ್ತದೆ ಎಂದು ಕೇಳಿದೆ. ಅವರು ಉತ್ತರ ಹೇಳದೆ ಬೀಡಿ ಹಚ್ಚಿದರು. ಮಾರನೆಯ ದಿನ ನಾನು ಬೇರೊಂದು ಪಂಕ್ಚರ್ ಅಂಗಡಿಯಲ್ಲಿ ಟೈರು ಹಾಕಿಸಿದೆ. ಟ್ಯೂಬುಗಳನ್ನು ಕೂಡ ಬದಲಾಯಿಸಲಿಲ್ಲ.

ಅವರು ಹೇಳದಿದ್ದ ಉತ್ತರವನ್ನು ಆಮೇಲೆ ಪುಸ್ತಕಗಳಲ್ಲಿ ಓದಿ ತಿಳಿದುಕೊಂಡೆ. ಮರದಿಂದ ಬಂದ ರಬ್ಬರು ಸೆಕೆಗೆ ಅಂಟಾಗುತ್ತದೆ, ಚಳಿಗೆ ಸೆಟೆದು ಒಡೆಯುತ್ತದೆ. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಅದನ್ನು ಗಂಧಕದೊಡನೆ ಕಾಯಿಸಿ ಆ ದೋಷ ಕಳೆದ. ಆತ ಸತ್ತದ್ದು 1860ರಲ್ಲಿ, ತಲೆಯ ತುಂಬ ಸಾಲ ಹೊತ್ತು. ಅವನ ಹೆಸರಿನ ದೊಡ್ಡ ಕಂಪನಿ 1898ರಲ್ಲಿ ಹುಟ್ಟಿದ್ದು; ಅದಕ್ಕೂ ಅವನ ಮನೆಯವರಿಗೂ ಸಂಬಂಧವಿಲ್ಲ. ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದ ಡನ್‌ಲಪ್ ಬೆಲ್‌ಫಾಸ್ಟಿನಲ್ಲಿದ್ದ ದನದ ಡಾಕ್ಟರು. ಮಗನ ಮೂರು ಗಾಲಿಯ ಸೈಕಲ್ಲು ಕಲ್ಲುಹಾಸಿನ ಮೇಲೆ ಕುಲುಕದಿರಲಿ ಎಂದು ಮಾಡಲು ಹೋಗಿ, 1888ರಲ್ಲಿ ಹಕ್ಕುಪತ್ರ ಪಡೆದ. ಅವನಿಗಿಂತ ನಾಲ್ಕು ದಶಕ ಮುಂಚೆ, 1845ರಲ್ಲಿ, ಥಾಮ್ಸನ್ ಎಂಬ ಇನ್ನೊಬ್ಬ ಸ್ಕಾಟಿಷ್ ಮನುಷ್ಯ ಅದೇ ಹಕ್ಕು ಪಡೆದಿದ್ದ. ಅವನನ್ನು ಲೋಕ ಮರೆತುಬಿಟ್ಟಿತು. ಇದೆಲ್ಲ ಇರಲಿ. ನನಗೆ ಬೇಕಾಗಿದ್ದ ಸಂಗತಿ ಇಷ್ಟು: ರಬ್ಬರನ್ನು ಗಾಳಿಯಲ್ಲಿರುವ ಆಮ್ಲಜನಕ, ಓಜೋನು, ಬಿಸಿಲು, ಸೆಕೆ ಎಲ್ಲವೂ ದಿನವೂ ಸ್ವಲ್ಪ ಸ್ವಲ್ಪ ತಿನ್ನುತ್ತವೆ. ಅದು ಗಟ್ಟಿಯಾಗುತ್ತ ಹೋಗುತ್ತದೆ. ಇದನ್ನು ತಡೆಯಲು ಟೈರಿನ ರಬ್ಬರಿನೊಳಗೆ ಒಂದು ಬಗೆಯ ಮೇಣ ಬೆರೆಸಿರುತ್ತಾರೆ. ಟೈರು ಉರುಳುತ್ತ, ಬಾಗುತ್ತ ಇದ್ದರೆ ಆ ಮೇಣ ಮೆಲ್ಲಗೆ ಮೇಲಕ್ಕೆ ಬಂದು ಕಾಪಾಡುತ್ತದೆ. ಸುಮ್ಮನೆ ಇಟ್ಟ ಟೈರಿನಲ್ಲಿ ಆ ಕೆಲಸವೂ ಸರಿಯಾಗಿ ನಡೆಯುವುದಿಲ್ಲ. ಎಂದರೆ, ಒಂದು ದಿನವೂ ರಸ್ತೆ ಕಾಣದ ಟೈರು ಎಂಬುದು ಹೊಗಳಿಕೆಯಲ್ಲ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಬೇಕು, ಹತ್ತು ವರ್ಷವಾದರೆ ಗೆರೆ ಎಷ್ಟೇ ಉಳಿದಿರಲಿ ತೆಗೆದುಬಿಡಬೇಕು ಎಂದು ತಯಾರಕರೇ ಹೇಳುತ್ತಾರೆ. ನನ್ನವಕ್ಕೆ ಏನಿಲ್ಲವೆಂದರೂ ಇಪ್ಪತ್ತು ತುಂಬಿತ್ತು.

ಅಮ್ಮ ಕೇಳಿದ್ದು ಒಂದೇ: "ಒಂದು ಸಲ ನಂಜನಗೂಡಿಗೆ ಕರಕೊಂಡು ಹೋಗೋ. ಅವರು ಕರಕೊಂಡು ಹೋಗ್ತಿದ್ದ ಹಾಗೆ." 2019ರ ಜುಲೈ, ಆಷಾಢ ಮಾಸ. ಅಮ್ಮನಿಗೆ ಅರವತ್ತನಾಲ್ಕು. ಹಿಂದೆ ಕೂರುವವರಿಗೂ ಹೆಲ್ಮೆಟ್ಟು ಕಡ್ಡಾಯವಾದದ್ದು 2016ರಲ್ಲಿ. ಅಮ್ಮನ ಕಾಲದಲ್ಲಿ ಅದಿರಲಿಲ್ಲ. "ಈ ಬೋಗುಣಿ ಯಾಕೋ" ಎಂದು ಗೊಣಗಿದರೂ ಹಾಕಿಕೊಂಡರು. ಆ ಬೋಗುಣಿಗೆ ಈಗಲೂ ಮನಸ್ಸಿನಲ್ಲಿಯೇ ಕೈಮುಗಿಯುತ್ತೇನೆ.

ಕಡಕೊಳದ ಹತ್ತಿರ ಸಣ್ಣ ಹನಿ ಶುರುವಾಯಿತು. ಜೋರು ಮಳೆಯಲ್ಲ, ರಸ್ತೆಯ ಮೇಲಿನ ಧೂಳು, ಎಣ್ಣೆ ಎರಡನ್ನೂ ಕಲಸಿ ಸಾರಿಸುವಷ್ಟು. ನಲವತ್ತರ ವೇಗದಲ್ಲಿದ್ದೆ. ಅಮ್ಮ ಹಿಂದಿನಿಂದ ಏನೋ ಹಳೆಯ ವಿಷಯ ಹೇಳುತ್ತಿದ್ದರು. ಗಾಳಿಗೆ ಅರ್ಧ ಕೇಳಿಸುತ್ತಿತ್ತು. ಮುಂದೆ ಒಂದು ಮೇಕೆ ಅಡ್ಡ ಬಂತು. ಬ್ರೇಕು ಒತ್ತಿದೆ. ಗಾಬರಿಯಿಂದ ಒತ್ತಿದ್ದಲ್ಲ, ಯಾರಾದರೂ ಒತ್ತುವಷ್ಟೇ. ಹಿಂದಿನ ಚಕ್ರ ಸೋಪಿನ ಮೇಲೆ ಕಾಲಿಟ್ಟಂತೆ ಪಕ್ಕಕ್ಕೆ ಜಾರಿಹೋಯಿತು. ನಾವಿಬ್ಬರೂ ರಸ್ತೆಯ ಮೇಲಿದ್ದೆವು. ಗಾಡಿ ಅಡ್ಡ ಬಿದ್ದುಕೊಂಡೇ ಪಟಪಟ ಎನ್ನುತ್ತಿತ್ತು. ಮೇಕೆ ನಿಂತು ನೋಡುತ್ತಿತ್ತು. ಹಿಂದೆ ಲಾರಿಯೊಂದು ಬರುತ್ತಿದ್ದಿದ್ದರೆ ಈ ಬರಹವನ್ನು ಯಾರೂ ಬರೆಯುತ್ತಿರಲಿಲ್ಲ.

ಅಮ್ಮನ ಎಡಗೈ ಮಣಿಕಟ್ಟಿನ ಮೂಳೆ ಮುರಿದಿತ್ತು. ಆರು ವಾರ ಪಟ್ಟಿ. ನನಗೆ ಮೊಣಕಾಲು ತರಚಿದ್ದಷ್ಟೇ. ಅದಕ್ಕೇ ನಾಚಿಕೆ ಹೆಚ್ಚಾಯಿತು. ನನ್ನ ಹೆಂಡತಿ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಮಾತಾಡಿದಳು. ಮೊದಲಿನ ಮೂರು ದಿನಗಳೇ ವಾಸಿಯಾಗಿದ್ದವು. ಅಮ್ಮ ಬೈಯಲಿಲ್ಲ. ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟುವಾಗ ಮಾತ್ರ, ನನ್ನ ಮುಖ ನೋಡದೆ, "ಅವರು ಒಂದು ಸಲಾನೂ ನನ್ನ ಬೀಳಿಸಿರಲಿಲ್ಲ ಕಣೋ" ಎಂದರು.

ಆ ಮಾತು ಒಳಗೇ ಕೊರೆಯುತ್ತಿತ್ತು. ಒಂದು ರಾತ್ರಿ ಊಟವಾದ ಮೇಲೆ ಅಮ್ಮನ ಹತ್ತಿರ ಕುಳಿತು ನನ್ನ ಸಮರ್ಥನೆ ಹೇಳಿಕೊಂಡೆ: ಅವರು ಹಾಕುತ್ತಿದ್ದ ಟೈರನ್ನೇ ಹುಡುಕಿ ತಂದಿದ್ದೆನಮ್ಮ, ಫೋಟೋದಲ್ಲಿ ಇದೆಯಲ್ಲ ಅದನ್ನೇ. ಅಮ್ಮನಿಗೆ ನಗು ಬಂತು. "ಆವತ್ತು ಅಂಗಡೀಲಿ ಅದೊಂದೇ ಇತ್ತು ಕಣೋ. ಅವರು ಯಾವತ್ತು ಕಂಪನಿ ನೋಡಿದ್ರು? ಅವರ ಲೆಕ್ಕದ ಪುಸ್ತಕ ತೆಗೆದು ನೋಡು" ಎಂದರು.

ತಂದೆಯವರ ಲೆಕ್ಕದ ಪುಸ್ತಕಗಳು ಬೀರುವಿನ ಕೆಳಗಿನ ಅರೆಯಲ್ಲಿದ್ದವು. ಅವುಗಳಲ್ಲಿ ಒಂದು ಗಾಡಿಗೇ ಮೀಸಲು. ಅದನ್ನು ನಾನು ಜೋಪಾನವಾಗಿ ಇಟ್ಟಿದ್ದೆ, ಓದಿರಲಿಲ್ಲ. ತೇದಿ ಸಹಿತ, ಗಣಿತದ ಮೇಷ್ಟ್ರ ಮುತ್ತಿನಂಥ ಅಕ್ಷರದಲ್ಲಿ ಎಲ್ಲವೂ ಇತ್ತು. ಟೈರಿನ ನಮೂದು ಐದು ಕಡೆ: 1978, 1983, 1987, 1992, 1997. ಎರಡು ಸಲ ಬಿಟ್ಟರೆ ಪ್ರತಿ ಸಲವೂ ಬೇರೆ ಬೇರೆ ಕಂಪನಿ. ಮಾದರಿಯ ಮಾತೇ ಇಲ್ಲ. 1987ರ ನಮೂದಿನ ಮುಂದೆ ಒಂದು ಷರಾ: "ಸವೆದಿಲ್ಲ. ಆದರೆ ಗಟ್ಟಿಯಾಗಿದೆ. ಬದಲಾಯಿಸಿದೆ." ಆ ವರ್ಷ ನನಗೆ ಎಂಟು ವಯಸ್ಸು. ಟ್ಯಾಂಕಿನ ಮೇಲೆ ಕೂರುತ್ತಿದ್ದವನು ನಾನೇ.

ಮೂರು ಸಣ್ಣ ವಾಕ್ಯ. ಬಹಳ ಹೊತ್ತು ನೋಡುತ್ತ ಕುಳಿತಿದ್ದೆ. ನಮ್ಮ ಮೈಸೂರಿನ ಪ್ರಾಚ್ಯ ಸಂಶೋಧನಾಲಯದಲ್ಲಿ ಶಾಮಶಾಸ್ತ್ರಿಗಳು 1905ರಲ್ಲಿ ಕಂಡು 1909ರಲ್ಲಿ ಅಚ್ಚು ಹಾಕಿಸಿದ ಅರ್ಥಶಾಸ್ತ್ರದ ತಾಳೆಯೋಲೆ ಕೌಟಿಲ್ಯನ ಕೈಬರಹವೇನಲ್ಲ. ಓಲೆ ಜೀರ್ಣವಾದಂತೆಲ್ಲ ಯಾರೋ ಒಬ್ಬ ಲಿಪಿಕಾರ ಹೊಸ ಗರಿ ತಂದು ಪ್ರತಿ ಮಾಡಿದ; ಅದು ಜೀರ್ಣವಾಗುವ ಮೊದಲು ಇನ್ನೊಬ್ಬ. ತರಗತಿಯಲ್ಲಿ ಇದನ್ನು ನಾನು ಪ್ರತಿ ವರ್ಷ ಹೇಳುತ್ತೇನೆ. ಹೇಳಿ ಬಂದು ಹಳೆಯ ಗರಿಗೆ ಎರಡರಷ್ಟು ದುಡ್ಡು ಕೊಟ್ಟಿದ್ದೆ.

ಮಾರನೆಯ ದಿನ ಮೇಸ್ತ್ರಿಯ ಅಂಗಡಿಗೆ ಹೋದೆ. "ನಾನು ಹೇಳಿರ್ಲಿಲ್ವಾ" ಎಂದು ಅವರು ಹೇಳಿದ್ದರೆ ಮನಸ್ಸು ಹಗುರವಾಗುತ್ತಿತ್ತು. ಅವರು "ಅಮ್ಮಾವ್ರು ಹೆಂಗಿದಾರೆ?" ಎಂದು ಮಾತ್ರ ಕೇಳಿದರು. ಹೊಸ ಟೈರುಗಳನ್ನು ತರಿಸಿದ್ದು ನವೆಂಬರಿನಲ್ಲಿ. ಈ ಸಲ ಶಾಸನವನ್ನು ಇಬ್ಬರೂ ಸೇರಿ ಓದಿದೆವು. 3319, ಆ ವರ್ಷದ ಆಗಸ್ಟಿನ ಸರಕು. ಮುಂದಿನದು ಉದ್ದ ಗೆರೆಯದು. ಹಿಡಿಕೆ ತಿರುಗಿಸಿದತ್ತ ನೆಟ್ಟಗೆ ಹೋಗುವುದಕ್ಕೆ, ನೀರನ್ನು ಪಕ್ಕಕ್ಕೆ ಸೀಳುವುದಕ್ಕೆ ಅದು ಒಳ್ಳೆಯದಂತೆ. ಹಿಂದಿನದು ಬಟನ್ನಿನದು, ಎಳೆಯುವ ಚಕ್ರಕ್ಕೆ ಹಿಡಿತ ಬೇಕು. ಫೋಟೋವನ್ನು ನಾನು ತೆಗೆದುಕೊಂಡು ಹೋಗಿರಲಿಲ್ಲ.

ಟೈರು ಹಾಕುವುದು ನೋಡಲು ಸೊಗಸಾದ ಕೆಲಸ. ಹಳೆಯದನ್ನು ಬಿಚ್ಚಿದಾಗ ರಿಮ್ಮಿನ ಒಳಗೆಲ್ಲ ತುಕ್ಕು. ಅದನ್ನು ಉಜ್ಜಿ, ಬಣ್ಣ ಬಳಿದು, ಒಣಗಿಸಿ, ಸಡಿಲವಾದ ಕಡ್ಡಿಗಳನ್ನು ಬಿಗಿದು, ಚಕ್ರವನ್ನು ತಿರುಗಿಸಿ ತಿರುಗಿಸಿ ಬೆಂಡು ತೆಗೆದರು. ಕಡ್ಡಿಯ ತುದಿಗಳು ಟ್ಯೂಬಿಗೆ ಚುಚ್ಚದಂತೆ ಒಳಗೆ ಹೊಸ ರಬ್ಬರು ಪಟ್ಟಿ ಹಾಕಿದರು. ಟ್ಯೂಬುಗಳೂ ಹೊಸವು. "ಹೊಸ ಟೈರಿಗೆ ಹಳೆ ಟ್ಯೂಬ್ ಹಾಕೋದು, ಹೊಸ ಮನೆಗೆ ಹಳೆ ಇಲಿ ತಂದಂಗೆ" ಎಂಬುದು ಮೇಸ್ತ್ರಿಯ ಗಾದೆ. ಬೇರೆಲ್ಲೂ ನಾನು ಕೇಳಿಲ್ಲ. ಬಾಣದ ದಿಕ್ಕು ನೋಡಿದರು. ಟೈರಿನ ಮೇಲೆ ಒಂದು ಬಣ್ಣದ ಚುಕ್ಕೆ ಇರುತ್ತದೆ. ಅದು ಟೈರಿನ ಹಗುರವಾದ ಭಾಗ, ವಾಲ್ವಿನ ಭಾರಕ್ಕೆ ಎದುರಾಗಿ ಅಲ್ಲಿಯೇ ಕೂರಬೇಕು. ಅಂಚಿಗೆ ಸೋಪಿನ ನೀರು ಸವರಿ, ಎರಡು ಲಿವರು ಹಿಡಿದು, ಕೊನೆಯ ಗೇಣುದ್ದವನ್ನು ಕಾಲಿನಲ್ಲಿ ಒತ್ತಿ ಒಳಕ್ಕೆ ಸರಿಸಿದರು. ಗಾಳಿ ತುಂಬಿದಾಗ ಟೈರು "ಟಪ್" ಎಂದು ಅಂಚಿಗೆ ಕುಳಿತ ಸದ್ದಿಗೆ ಅವರ ಮುಖದಲ್ಲಿ ಕಂಡ ತೃಪ್ತಿ, ಒಳ್ಳೆಯ ಅನ್ವಯ ಹೊಳೆದಾಗ ನನ್ನ ಗುರುಗಳ ಮುಖದಲ್ಲಿ ಕಾಣುತ್ತಿತ್ತು. "ಮೊದಲ ನೂರೈವತ್ತು ಕಿಲೋಮೀಟ್ರು ನಿಧಾನ ಸಾರ್. ಹೊಸ ರಬ್ಬರ್ ಮೇಲೆ ಜಿಡ್ಡಿರ್ತದೆ" ಎಂದರು. ಹೊಸದಕ್ಕೂ ಒಂದು ದೋಷವಿರುತ್ತದೆ ಎಂದು ಕೇಳಿ ನನಗೆ, ಸುಳ್ಳೇಕೆ ಹೇಳಲಿ, ಒಂದಿಷ್ಟು ಸಮಾಧಾನವಾಯಿತು.

ಇಪ್ಪತ್ತು ವರ್ಷ ಅಟ್ಟದಲ್ಲಿದ್ದ ಆ ಎರಡು ಟೈರುಗಳ ಪೈಕಿ ಒಂದನ್ನು ಪಕ್ಕದ ಮನೆಯ ಹುಡುಗರು ಕೋಲಿನಿಂದ ಹೊಡೆದುಕೊಂಡು ಬೀದಿಯಲ್ಲಿ ಓಡಿಸಿದರು. ಇನ್ನೊಂದನ್ನು ಅಮ್ಮ ಹಿತ್ತಲಿನಲ್ಲಿ ಮಲಗಿಸಿ, ನಡುವೆ ಮಣ್ಣು ತುಂಬಿ, ದೊಡ್ಡಪತ್ರೆ ನೆಟ್ಟಿದ್ದಾರೆ. ಇಟ್ಟಿಗೆ ಜೋಡಣೆ ಈಗಲೂ ಸ್ಪಷ್ಟವಾಗಿದೆ.

ಆ ಡಿಸೆಂಬರಿನಲ್ಲಿ ನಂಜನಗೂಡಿಗೆ ಹೋದೆವು. ಅಮ್ಮ ತಾವಾಗಿಯೇ ಬೋಗುಣಿ ಹಾಕಿಕೊಂಡು ಬಂದು ಕುಳಿತರು. ಕಡಕೊಳ ದಾಟುವವರೆಗೆ ಇಬ್ಬರೂ ಮಾತಾಡಲಿಲ್ಲ. ದಾಟಿದ ಮೇಲೆ ಅವರು ಜುಲೈಯಲ್ಲಿ ಅರ್ಧಕ್ಕೆ ನಿಲ್ಲಿಸಿದ್ದ ವಿಷಯವನ್ನು ಅಲ್ಲಿಂದಲೇ ಮುಂದುವರಿಸಿದರು.

ಮನೆಗೆ ಬಂದ ಮೇಲೆ ತಂದೆಯವರ ಪುಸ್ತಕವನ್ನು ತಂದು ನನ್ನ ಮುಂದಿಟ್ಟು, "ಬರಿ" ಎಂದರು. 1997ರ ಸಾಲಿನ ಕೆಳಗೆ ಬರೆದೆ: "ನವೆಂಬರ್ 2019. ಹಿಂದಿನದು, ಮುಂದಿನದು, ಎರಡೂ ಟೈರು. ಟ್ಯೂಬುಗಳು ಸಹ." ನನ್ನ ಅಕ್ಷರ ಅವರ ಅಕ್ಷರದ ಕೆಳಗೆ ಸೊಟ್ಟಗೆ ಕಾಣುತ್ತಿತ್ತು. ಆ ಪುಟದಲ್ಲಿ ಇನ್ನೂ ಆರು ಗೆರೆ ಖಾಲಿ ಇವೆ. ಒಂದು, ಮೇಸ್ತ್ರಿಯ ಲೆಕ್ಕದ ಪ್ರಕಾರ, ಬರುವ ವರ್ಷಕ್ಕೆ.